ಜಾಮ್ ಬಾಟಲಿಯ ಪೆಟ್ರೋಲು

ಐಲ್ಸಾ ಡಾಡ್ಸ್ ಬಂದು ಕದ ತಟ್ಟಿದಾಗ ಈನಿಡ್ ಗ್ಯಾರವೇಯ ಅಡುಗೆಮನೆಯಲ್ಲಿ ಎರಡನೆಯ ಸುತ್ತಿನ ಟೀ ನಡೆದಿತ್ತು. ಎರಡು ದಿನದಿಂದ ಸಮುದ್ರದ ಮಂಜು ಬ್ರ್ಯಾಕನ್‌ಮತ್ ಊರನ್ನು ಬಿಟ್ಟು ಎದ್ದಿರಲಿಲ್ಲ. ಬಾಗಿಲು ತೆರೆದ ಡೆಸ್ಮಂಡ್ ಪೈಕ್‌ಗೆ ಮೊದಲು ಕಂಡದ್ದು ಒದ್ದೆ ಕೋಟು, ಆಮೇಲೆ ನಿದ್ದೆಯಿಲ್ಲದ ಎರಡು ಕಣ್ಣು. ಈ ಹುಡುಗಿಗೆ ಅವಳ ಮದುವೆಗೆ ಮೊದಲಿಂದಲೂ ಕೆಮ್ಮಿನ ಔಷಧಿ ಕೊಟ್ಟವನು ಅವನು. ಅವನು ಅವಳನ್ನು ಒಳಗೆ ಕರೆದು ಕುರ್ಚಿ ಎಳೆದುಕೊಟ್ಟ.

ಅವಳು ಕೂರಲಿಲ್ಲ. "ಮಿಸೆಸ್ ಗ್ಯಾರವೇ, ನಂಗೊಂದು ವಿಷಯ ಗೊತ್ತಾಗ್ಬೇಕು. ನಾನು ತುಂಬಿಸಿದ ಪೆಟ್ರೋಲೇ ನಮ್ಮ ಮಾವನ್ನ ಕೊಂದಿದ್ದಾ? ಹೌದಾದ್ರೆ ಹೌದು ಅಂದ್ಬಿಡಿ. ಸಮಾಧಾನಕ್ಕೆ ಅಂತ ಇಲ್ಲ ಅನ್ಬೇಡಿ."

"ಸಮಾಧಾನ ಹೇಳೋದು ಪಾದ್ರಿ ಕೆಲ್ಸ," ಎಂದಳು ಈನಿಡ್. "ನೀನು ಮೊದ್ಲು ಆ ಕೋಟು ತೆಗಿ ಮಗಳೇ."

ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಐಲ್ಸಾಳ ಮಾವ ವಿಲ್ಫ್ ಡಾಡ್ಸ್, ಎಪ್ಪತ್ತನಾಲ್ಕರ ವಿಧುರ, ಎದುರಿನ ಎಡ್ಡರ್ ದ್ವೀಪದಲ್ಲಿ ಒಬ್ಬನೇ ಇದ್ದ. ದ್ವೀಪಕ್ಕೆ ಹೋಗುವ ದಾರಿಯನ್ನು ಸಮುದ್ರ ದಿನಕ್ಕೆರಡು ಸಲ ಮುಳುಗಿಸುತ್ತದೆ. ಗಂಟೆ ನೋಡಿಕೊಂಡೇ ದಾಟಬೇಕು. ಶನಿವಾರ ಮಧ್ಯಾಹ್ನ ಮಗನ ಮನೆಯಲ್ಲಿ ಊಟ ಮುಗಿಸಿ, ದಾರಿ ಮುಳುಗಲು ಇನ್ನೂ ಅರ್ಧ ಗಂಟೆ ಇರುವಾಗ ವಿಲ್ಫ್ ತನ್ನ ಹಳೆಯ ಹಸಿರು ಕಾರಿನಲ್ಲಿ ಹೊರಟ. ನಡುದಾರಿಯಲ್ಲಿ ಕಾರು ನಿಂತಿತು. ದ್ವೀಪದ ಹೆಂಗಸೊಬ್ಬಳು ಅದನ್ನು ತನ್ನ ಕಿಟಕಿಯಿಂದ ದುರ್ಬೀನು ಹಿಡಿದು ಕಂಡಿದ್ದಳು. ಅವನು ಇಳಿಯಲಿಲ್ಲ, ಹದಿನೈದು ನಿಮಿಷ ಸುಮ್ಮನೆ ಸ್ಟೀರಿಂಗ್ ಹಿಡಿದು ಕೂತಿದ್ದ ಎಂದು ಅವಳು ಪೊಲೀಸರಿಗೆ ಹೇಳಿದಳು. ನೀರು ಚಕ್ರ ಮುಟ್ಟಿದ ಮೇಲೆ ಇಳಿದು, ನೀರಿಗೆ ಸಿಕ್ಕಿದವರಿಗೆಂದು ಕಂಬಗಳ ಮೇಲೆ ಕಟ್ಟಿದ್ದ ಆಸರೆ ಗೂಡಿನ ಕಡೆ ನಡೆದ. ಹೆಣ ಸಿಕ್ಕಿದ್ದು ಆ ಗೂಡಿನ ಏಣಿಯ ಬುಡದಲ್ಲಿ.

ಭಾನುವಾರ ನೀರಿಳಿದಾಗ ಆರ್ಚಿ ರೆನಿಕ್ ತನ್ನ ಲಾರಿಯಲ್ಲಿ ಕಾರನ್ನು ಎಳೆದು ತಂದ. ಊರಿನ ಹಳೆಯ ಗ್ಯಾರೇಜು, ದುಬಾರಿ ಬ್ರ್ಯಾಂಡಿನ ಪೆಟ್ರೋಲ್ ಪಂಪು ಎರಡೂ ಆರ್ಚಿಯವೇ. ವಿಲ್ಫ್‌ಗೆ ನಲವತ್ತು ವರ್ಷದ ಗೆಳೆಯ. ಸೋಮವಾರ ಬೆಳಿಗ್ಗೆ ಅವನು ಗ್ಯಾರೇಜಿನ ಕಟ್ಟೆಯ ಮೇಲೆ ಒಂದು ಜಾಮ್ ಬಾಟಲಿ ಇಟ್ಟ. ಮೇಲೆ ಹಳದಿ ಪೆಟ್ರೋಲು, ತಳದಲ್ಲಿ ಒಂದು ಬೆರಳಿನಷ್ಟು ನೀರು. ಕಾರಿನ ಟ್ಯಾಂಕಿನಿಂದ ತೆಗೆದದ್ದು ಎಂದ. ನಾಲಿಗೆಗೆ ಹಚ್ಚಿ ನೋಡಿದ್ದೇನೆ, ಉಪ್ಪಿಲ್ಲ, ಆದ್ದರಿಂದ ಸಮುದ್ರದ ನೀರಲ್ಲ ಎಂದ. ಹಾಗಾದರೆ ಎಲ್ಲಿಯ ನೀರು ಎಂದು ಯಾರೂ ಕೇಳಬೇಕಾಗಿರಲಿಲ್ಲ. ವಿಲ್ಫ್ ಆರ್ಚಿಯ ಪಂಪಿನ ಪೆಟ್ರೋಲು ಬಿಟ್ಟು ಬೇರೆ ಮುಟ್ಟಿದವನಲ್ಲ. ಶುಕ್ರವಾರವೇ ಬಂದು ತಂಗಿದ್ದ ಮಾವನ ಕಾರು ತೆಗೆದುಕೊಂಡು ಸಾಮಾನು ತರಲು ಹೋದ ಐಲ್ಸಾ ಮೊದಲ ಸಲ ಸೂಪರ್‌ಮಾರ್ಕೆಟ್ಟಿನ ಪಂಪಿನಲ್ಲಿ ಖಾಲಿಯಾಗಿದ್ದ ಟ್ಯಾಂಕನ್ನು ಪೂರ್ತಿ ತುಂಬಿಸಿಕೊಂಡು ಬಂದಿದ್ದಳು.

ಲೀಟರಿಗೆ ನಾಲ್ಕು ಪೆನ್ನಿ ಉಳಿಸುವ ಆಸೆಗೆ ಒಂದು ಜೀವ ಎಂದು ಊರು ಆಡಿಕೊಂಡಿತು. ಬ್ರೆಡ್ಡಿನ ಸಾಲಿನಲ್ಲಿ ಹೆಂಗಸರು ಅವಳಿಗೆ ಬೆನ್ನು ತಿರುಗಿಸಿದರು. ಗಂಡ ಕಾಲಿನ್ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ದ್ವೀಪದಲ್ಲಿ ಅಪ್ಪನ ಮನೆಗೆ ಹೋಗಿಬಿಟ್ಟ. ಗುರುವಾರ ಜಿಲ್ಲಾ ಪಟ್ಟಣದಲ್ಲಿ ಸಾವಿನ ವಿಚಾರಣೆ. ಆ ಬಾಟಲಿ ಅಲ್ಲಿ ಮೇಜಿನ ಮೇಲೆ ಬರಲಿತ್ತು.

"ಅವ್ರು ಮಾತಾಡಿದ್ರೆ ಸಾಕಿತ್ತು," ಎಂದಳು ಐಲ್ಸಾ. "ಕೊಂದ್ಬಿಟ್ಟೆ ಕಣೇ ಅಂತ ಬಾಯ್ಬಿಟ್ಟು ಅಂದಿದ್ರೂ ಸಾಕಿತ್ತು."

ಈನಿಡ್ ಮೂವತ್ತೊಂದು ವರ್ಷ ಪೆಟ್ರೋಲ್ ಟ್ಯಾಂಕರ್ ಓಡಿಸಿದವಳು. ನಿವೃತ್ತಿಯ ಮೇಲೆ ಕಳೆದ ಉಂಗುರ, ಹೆಸರಿಲ್ಲದ ಕಾಗದ, ಒಂದು ಸಲ ನಿಜವಾದ ವಿಷಪ್ರಾಶನ, ಹೀಗೆ ಊರಿನ ಗಂಟುಗಳೆಲ್ಲ ಅವಳ ಅಡುಗೆಮನೆಗೆ ಬರತೊಡಗಿದವು. ಪಕ್ಕದ ಮನೆಯ ಡೆಸ್ಮಂಡ್ ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿ ಮುಚ್ಚಿದವನು. ಅವಳ ಹಿಂದೆ ಹಿಂದೆ ಹೋಗುವುದು, ಹಿಡಿ ಎಂದದ್ದನ್ನು ಹಿಡಿಯುವುದು, ಕೊನೆಗೆ ಬೆರಗಾಗುವುದು ಅವನ ಕೆಲಸ. ಅದರಲ್ಲಿ ಅವನಿಗೆ ಬೇಸರವಿರಲಿಲ್ಲ.

ಐಲ್ಸಾ ಹೋದ ಮೇಲೆ ಅವನು ಮೆಲ್ಲಗೆ ಹೇಳಿದ: "ಏನೇ ಅನ್ನಿ, ಅಗ್ಗದ ಪೆಟ್ರೋಲು ಅಗ್ಗದ್ದೇ. ನಾನಂತೂ ಆರ್ಚಿ ಹತ್ರಾನೇ ಹಾಕೋದು."

"ನಲವತ್ತು ವರ್ಷ ಒಂದೇ ತಲೆನೋವಿನ ಮಾತ್ರೇನ ಎರಡು ಡಬ್ಬೀಲಿ, ಎರಡು ರೇಟಿಗೆ ಮಾರಿದೋರು ನೀವು. ನಿಮ್ ಬಾಯಲ್ಲಿ ಈ ಮಾತಾ?"

"ಅದು ಬೇರೆ. ದುಬಾರಿ ಡಬ್ಬಿ ತಗೊಂಡೋರ ತಲೆನೋವು ಬೇಗ ಹೋಗ್ತಿತ್ತು. ನಾನೇ ನೋಡಿದೀನಿ."

ಈನಿಡ್ ನಗಲಿಲ್ಲ. ಒಂದೇ ಡಿಪೋದ ಒಂದೇ ತೊಟ್ಟಿಯಿಂದ ಬೆಳಿಗ್ಗೆ ಸೂಪರ್‌ಮಾರ್ಕೆಟ್ಟಿಗೂ ಮಧ್ಯಾಹ್ನ ಬ್ರ್ಯಾಂಡಿನವರಿಗೂ ತಾನೇ ಹೊತ್ತು ಹಾಕಿದ್ದೇನೆ ಎಂದಳು. ಆಲ್ಕೋಹಾಲು ಬೆರೆಸುವುದು, ಬಿಡುವುದು ಟ್ಯಾಂಕರಿಗೆ ತುಂಬುವಾಗ; ಬ್ರ್ಯಾಂಡಿನವರದಾದರೆ ಆಗಲೇ ಅವರವರ ಮದ್ದೂ ಸ್ವಲ್ಪ ಸೇರುತ್ತದೆ, ಎಂಜಿನ್ನಿನ ಒಳಗೆ ಮಸಿ ಕಟ್ಟದಂತೆ ತೊಳೆಯುವ ಸೋಪಿನಂಥದ್ದು. ವರ್ಷಗಟ್ಟಲೆ ಓಡಿಸುವವರಿಗೆ ಅದರಿಂದ ಒಂದಿಷ್ಟು ಲಾಭ ಇದ್ದರೂ ಇದ್ದೀತು. ಅದಿಲ್ಲದೆ ಯಾರ ಕಾರೂ ಒಂದೇ ದಿನಕ್ಕೆ ನಡುದಾರಿಯಲ್ಲಿ ಸಾಯುವುದಿಲ್ಲ. "ಆದ್ರೆ ನೀರು ಬೇರೆ ಮಾತು," ಎಂದು ಕೋಟು ಹಾಕಿಕೊಂಡಳು.

ಆರ್ಚಿಯ ಗ್ಯಾರೇಜಿನಲ್ಲಿ ಮಂಜು ಒಳಗೂ ಬಂದು ನಿಂತಿತ್ತು. ದುಬಾರಿ ಪಂಪಿನ ಮೇಲೆ ಅವನೇ ಬಣ್ಣದಲ್ಲಿ ಬರೆದ ಹಲಗೆ: 'ಇದರಲ್ಲಿ ಹನಿ ಆಲ್ಕೋಹಾಲೂ ಇಲ್ಲ. ಹಳೆಯ ಕಾರುಗಳಿಗೆ ಇದೇ ಒಳ್ಳೆಯದು.' ಆರ್ಚಿ ದೊಡ್ಡ ಆಳು. ಮೂರೇ ದಿನದಲ್ಲಿ ಇಳಿದುಹೋಗಿದ್ದ. ಪ್ಯಾಂಟಿನ ಹಿಂದಿನ ಜೇಬಿನಿಂದ ಇಳಿಬಿದ್ದ ನೀಲಿ ಚೌಕಳಿ ಬಟ್ಟೆಯನ್ನೆಳೆದು ಕೈ ಒರೆಸಿಕೊಂಡ, ಅದರಲ್ಲೇ ಕಣ್ಣನ್ನೂ ಒರೆಸಿಕೊಂಡ. ಪ್ರತಿ ಬುಧವಾರ ಸಂಜೆ ಇಬ್ಬರೂ ಡಾಮಿನೋ ಆಡುತ್ತಿದ್ದರಂತೆ. ನಾಳೆ ಬುಧವಾರ ಎಂದ. ಆ ಅಳು ನಾಟಕದ್ದಲ್ಲವೆಂದು ಡೆಸ್ಮಂಡ್‌ಗೆ ಖಾತ್ರಿಯಾಯಿತು. ಔಷಧಿ ಅಂಗಡಿಯಲ್ಲಿ ಎರಡೂ ಬಗೆಯ ಅಳುವನ್ನು ಅವನು ಬೇಕಾದಷ್ಟು ಕಂಡಿದ್ದ.

"ಆ ಕಾರನ್ನ ಕೂಸಿನ ಥರ ನೋಡ್ಕೊಂಡಿದ್ದೆ," ಎಂದ ಆರ್ಚಿ. "ಮೂರು ವಾರದ ಕೆಳಗೆ ಪೆಟ್ರೋಲ್ ಎಷ್ಟಿದೆ ಅಂತ ತೋರ್ಸೋ ಮುಳ್ಳು ಕೆಟ್ಟಿತ್ತು, ಟ್ಯಾಂಕ್ ಬಿಚ್ಚಿ ಅದನ್ನೂ ಸರಿ ಮಾಡ್ಕೊಟ್ಟೆ. ಆ ಹುಡುಗಿ ಒಂದೇ ದಿನದಲ್ಲಿ..."

ಟ್ಯಾಂಕು ಎಲ್ಲಿ ಎಂದು ಈನಿಡ್ ಕೇಳಿದಳು. ಗೋಡೆಗೆ ಒರಗಿಸಿ ಒಣಗಲು ಇಟ್ಟಿತ್ತು. ವಾಸನೆ ತಡೆಯದೆ ಬಿಸಿನೀರು ಬಿಟ್ಟು ತೊಳೆದೆನೆಂದ. ಆಕೆ ಕಾರಿನ ಮುಂಭಾಗದ ಮುಚ್ಚಳ ಎತ್ತಿಸಿ, ಡೆಸ್ಮಂಡ್ ಕೈಗೆ ಟಾರ್ಚು ಕೊಟ್ಟಳು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಸೋಸಲೆಂದು ಇಟ್ಟ ಗಾಜಿನ ಪುಟ್ಟ ಬಟ್ಟಲು ಇತ್ತು. ಅದರ ತಳದಲ್ಲಿ ಕೂದಲಿನಷ್ಟು ತೆಳ್ಳಗೆ ನಾಲ್ಕಾರು ನೀಲಿ ಎಳೆಗಳು ಅಂಟಿದ್ದವು. ಸಮುದ್ರದ ಪಾಚಿ ಇರಬೇಕು ಎಂದುಕೊಂಡ ಡೆಸ್ಮಂಡ್.

ಅಲ್ಲಿಂದ ಸೂಪರ್‌ಮಾರ್ಕೆಟ್ಟಿಗೆ ಹೋದರು. ಯಾವಾಗಲೂ ಸಾಲು ಇರುವ ಪಂಪುಗಳಲ್ಲಿ ಅವತ್ತು ಎರಡೇ ಕಾರು. ಶುಕ್ರವಾರ ಅದೇ ಪಂಪಿನಿಂದ ಇನ್ನೂರಕ್ಕೂ ಹೆಚ್ಚು ಕಾರುಗಳಿಗೆ ತುಂಬಿದ್ದು, ಒಬ್ಬರೂ ದೂರು ತಂದಿಲ್ಲ ಎಂದು ಒಳಗಿನ ಹೆಂಗಸು ಅಳುಮುಖದಲ್ಲಿ ಹೇಳಿದಳು. ಈನಿಡ್ ಪಂಪಿಗೆ ಅಂಟಿಸಿದ್ದ ದುಂಡನೆಯ ಚೀಟಿಯನ್ನು ಬಹಳ ಹೊತ್ತು ನೋಡಿದಳು. ನೂರರಲ್ಲಿ ಹತ್ತು ಪಾಲಿನವರೆಗೂ ಆಲ್ಕೋಹಾಲ್ ಇದೆ ಎಂದು ಹೇಳುವ ಚೀಟಿ ಅದು. ದೇಶದ ಹೆಚ್ಚಿನ ಪಂಪುಗಳಲ್ಲಿ ಇರುವಂಥದ್ದು.

ವಾಪಸು ಬರುವಾಗ ಕುರಿದಿಣ್ಣೆಯ ತಿರುವಿನಲ್ಲಿ ಅಂಚೆಯ ಮೊಯ್ರಾ ಸಿಕ್ಕಳು. ವಿಲ್ಫ್‌ನನ್ನು ಕೊನೆಯ ಸಲ ಕಂಡದ್ದು ಹೋದ ಬುಧವಾರ, ಇದೇ ದಿಣ್ಣೆಯ ಮೇಲೆ ಎಂದಳು. ಕಾರು ಪಕ್ಕಕ್ಕೆ ನಿಲ್ಲಿಸಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದನಂತೆ. ಏನಾಯಿತು ಎಂದು ಕೇಳಿದ್ದಕ್ಕೆ 'ಮುದುಕಿ ಉಸಿರು ತಗೋತಿದಾಳೆ' ಎಂದು ಕಾರಿನ ಮೇಲೆ ತಟ್ಟಿದನಂತೆ. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬ ಹಾಗೆ ಕಾರು ಹೊರಟೇಹೋಯಿತು. ಮೊಯ್ರಾ ಇನ್ನೂ ಏನೋ ಹೇಳಲು ಹೊರಟು ಬಾಯಿ ಮುಚ್ಚಿಕೊಂಡಳು.

ಮನೆ ತಲುಪಿದ ಮೇಲೆ ಈನಿಡ್ ಬಾಗಿಲಲ್ಲಿ ನಿಂತು, "ನಾಳೆ ಬೆಳಿಗ್ಗೆ ಎದ್ದು ಒಂದು ಡಬ್ಬಿ ಸೂಪರ್‌ಮಾರ್ಕೆಟ್ ಪೆಟ್ರೋಲು ತನ್ನಿ," ಎಂದಳು. "ಆರ್ಚಿ ದುಬಾರಿ ಪಂಪಿಂದೂ ಒಂದು ಡಬ್ಬಿ. ಆಮೇಲೆ ಕಾಲಿನ್‌ಗೆ ಫೋನ್ ಮಾಡಿ, ಆ ಜಾಮ್ ಬಾಟ್ಲಿ, ಸೋಸೋ ಗಾಜಿನ ಬಟ್ಲು ಎರಡೂ ಗ್ಯಾರೇಜಿಂದ ಇಸ್ಕೊಂಡು ತರೋಕೆ ಹೇಳಿ." ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಯಾರದೋ ಮನೆಗೆ ಕೆಟ್ಟ ಸುದ್ದಿ ಒಯ್ಯಬೇಕಾದವಳ ಹಾಗಿದ್ದಳು.

ಬುಧವಾರ ಬೆಳಿಗ್ಗೆ ಡೆಸ್ಮಂಡ್ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು, ಜನ್ಮದಲ್ಲೇ ಮೊದಲ ಸಲ ಸೂಪರ್‌ಮಾರ್ಕೆಟ್ಟಿನ ಪಂಪಿನ ಮುಂದೆ ನಿಂತ. ಡಬ್ಬಿ ತುಂಬುವಷ್ಟರಲ್ಲಿ ನಾಲ್ಕು ಸಲ ಹಿಂದೆ ತಿರುಗಿ ನೋಡಿದ. ಯಾರಾದರೂ ಕಂಡರೆ ಏನೆಂದುಕೊಂಡಾರು ಎಂಬ ಭಯ ಕಳ್ಳನಿಗೂ ಇಷ್ಟಿರಲಾರದು ಎನ್ನಿಸಿತು. ಅದನ್ನು ಈನಿಡ್‌ಗೆ ಹೇಳಿದಾಗ ಆಕೆ ಅವನನ್ನೇ ದಿಟ್ಟಿಸಿ, "ಅದೇ, ಅದೇ," ಎಂದಳು.

ಮಧ್ಯಾಹ್ನ ಈನಿಡ್ ಕರೆದವರೆಲ್ಲ ಬಂದರು. ಕಾಲಿನ್ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಹೆಂಡತಿಯ ಕಡೆ ನೋಡದೆ ಮೇಜಿನ ಇನ್ನೊಂದು ತುದಿಗೆ ಕೂತ. ಆರ್ಚಿ ಬಾಗಿಲ ಬಳಿ, ಮೊಯ್ರಾ ಕಿಟಕಿಯ ಬಳಿ ಕೂತರು. ಟೀ ಸುರಿದರೂ ಯಾರೂ ಮುಟ್ಟಲಿಲ್ಲ. ಈನಿಡ್ ಅವರನ್ನೆಲ್ಲ ಹಿತ್ತಲಿಗೆ ಕರೆದಳು. ಕಲ್ಲುಚಪ್ಪಡಿಯ ಮೇಲೆ ಮೂರು ಬಿಳಿ ತಟ್ಟೆ, ಪಕ್ಕದಲ್ಲಿ ಎರಡು ಬಾಟಲಿ ಇದ್ದವು.

"ಇದು ಸೂಪರ್‌ಮಾರ್ಕೆಟ್ಟಿನ ಪೆಟ್ರೋಲು, ಬೆಳಿಗ್ಗೆ ಸ್ವಲ್ಪ ನಲ್ಲಿ ನೀರು ಹಾಕಿ ಕುಲುಕಿಟ್ಟಿದ್ದು," ಎಂದಳು. "ಇದು ಆರ್ಚಿ ದುಬಾರಿ ಪಂಪಿಂದು, ಇದಕ್ಕೂ ಹಾಗೇ ಮಾಡಿದೀನಿ. ಕಾಲಿನ್, ನಿನ್ನ ಬಾಟ್ಲಿ ಇಲ್ಲಿಡಪ್ಪ."

ಮೂರರಲ್ಲೂ ನೀರು ತಳದಲ್ಲಿ ಬೇರೆಯಾಗಿ ನಿಂತಿತ್ತು. ಡೆಸ್ಮಂಡ್, ಕಣ್ಣಿಗೆ ಔಷಧಿ ಬಿಡುವ ಗಾಜಿನ ಕೊಳವೆಯಿಂದ ತಳದ ನೀರನ್ನಷ್ಟೇ ಎಚ್ಚರದಿಂದ ಎಳೆದು ಒಂದೊಂದು ತಟ್ಟೆಗೆ ಬಿಟ್ಟ. ಬಾಟಲಿಗಳನ್ನೆಲ್ಲ ದೂರ ಸಾಗಿಸಿದ ಮೇಲೆ ಈನಿಡ್ ಕಡ್ಡಿ ಗೀರಿದಳು.

ಸೂಪರ್‌ಮಾರ್ಕೆಟ್ಟಿನ ತಟ್ಟೆಯಲ್ಲಿ ನೀಲಿ ಉರಿ ಸದ್ದಿಲ್ಲದೆ ಹರಡಿತು, ಕ್ರಿಸ್‌ಮಸ್ ಪುಡಿಂಗಿನ ಮೇಲೆ ಬ್ರಾಂದಿ ಸುರಿದು ಹಚ್ಚಿದಾಗ ಹತ್ತುವ ಹಾಗೆ. ಆರ್ಚಿಯ ಪಂಪಿನ ತಟ್ಟೆಯಲ್ಲಿ ಕಡ್ಡಿ ಚುಯ್ಯೆಂದು ಆರಿತು. ಆಮೇಲೆ ಮೂರನೆಯದು, ಜಾಮ್ ಬಾಟಲಿಯದು. ಕಡ್ಡಿ ಚುಯ್ಯೆಂದು ಆರಿತು. ಇನ್ನೊಂದು ಕಡ್ಡಿ ಗೀರಿದಳು. ಅದೂ ಆರಿತು.

"ಅಗ್ಗದ ಪೆಟ್ರೋಲಲ್ಲಿ ಆಲ್ಕೋಹಾಲ್ ಇರತ್ತೆ," ಎಂದಳು ಈನಿಡ್. "ನೀರು ಬಿದ್ರೆ ಅದು ಪೆಟ್ರೋಲನ್ನ ಬಿಟ್ಟು ನೀರಿನ ಜೊತೆ ತಳಕ್ಕೆ ಹೋಗತ್ತೆ. ಅದಕ್ಕೇ ತಳದ ನೀರು ಉರಿಯತ್ತೆ. ಈ ಜಾಮ್ ಬಾಟ್ಲೀದು ಬರೀ ನೀರು. ಅಂದ್ರೆ ಮೇಲಿರೋ ಪೆಟ್ರೋಲಲ್ಲಿ ಆಲ್ಕೋಹಾಲೇ ಇರ್ಲಿಲ್ಲ. ಐಲ್ಸಾ ಖಾಲಿಯಾಗಿದ್ದ ಟ್ಯಾಂಕನ್ನ ಶುಕ್ರವಾರ ಪೂರ್ತಿ ತುಂಬ್ಸಿದಾಳೆ. ಈ ಬಾಟ್ಲೀಲಿರೋದು ಆ ಟ್ಯಾಂಕಿನ ಪೆಟ್ರೋಲಲ್ಲ. ಈ ಊರಲ್ಲಿ ಆಲ್ಕೋಹಾಲಿಲ್ಲದ ಪೆಟ್ರೋಲು ಸಿಗೋದು ಒಂದೇ ಪಂಪಲ್ಲಿ, ಹಲಗೆ ಬರೆದು ಹಾಕಿದೆ."

ಆಲ್ಕೋಹಾಲ್ ಹಳೆಯ ಕಾರಿಗೆ ಕೆಟ್ಟದ್ದಲ್ಲವೇ ಎಂದು ಕಾಲಿನ್ ಕೇಳಿದ. ವರ್ಷಗಳಲ್ಲಿ ರಬ್ಬರ್ ಕೊಳವೆಗಳನ್ನು ತಿನ್ನಬಹುದು, ಒಂದು ದಿನದಲ್ಲಿ ಏನೂ ಮಾಡದು ಎಂದಳು ಈನಿಡ್. ಆರ್ಚಿ ಹೊರಟುಹೋಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನೀಲಿ ಬಟ್ಟೆಯನ್ನು ಜೇಬಿನಿಂದ ತೆಗೆದು ಮುಷ್ಟಿಯಲ್ಲಿ ಹಿಂಡುತ್ತಿದ್ದ.

ಉಳಿದದ್ದನ್ನು ಆಕೆ ಅವನ ಮುಖ ನೋಡದೆ ಹೇಳಿದಳು. ಕಾರು ಮೊದಲು ನಿಂತದ್ದು ಶನಿವಾರವಲ್ಲ, ಬುಧವಾರ. ಐಲ್ಸಾ ಪಂಪಿಗೆ ಹೋಗುವುದಕ್ಕೆ ಎರಡು ದಿನ ಮೊದಲು, ಟ್ಯಾಂಕಿನಲ್ಲಿ ಆರ್ಚಿಯದೇ ಪೆಟ್ರೋಲು ಇರುವಾಗ. ನಿಂತು, ಹತ್ತು ನಿಮಿಷ ಬಿಟ್ಟು, ತಾನಾಗಿಯೇ ಹೊರಟ ಕಾರು ನೀರು ಕುಡಿದ ಕಾರಲ್ಲ. ಟ್ಯಾಂಕಿನೊಳಗೆ ಏನೋ ತೇಲುತ್ತಿದೆ. ಎಂಜಿನ್ನು ಹೀರುವಾಗ ಅದು ಕೊಳವೆಯ ಬಾಯಿಗೆ ಕಚ್ಚಿಕೊಳ್ಳುತ್ತದೆ, ಎಂಜಿನ್ನು ನಿಂತು ಎಳೆತ ಸತ್ತ ಮೇಲೆ ಕಳಚಿಕೊಂಡು ಬೀಳುತ್ತದೆ. ಮೂರು ವಾರದ ಕೆಳಗೆ ಮುಳ್ಳು ಸರಿ ಮಾಡಲು ಆ ಟ್ಯಾಂಕನ್ನು ತೆರೆದವನು ಒಬ್ಬನೇ. ತೂತಿಗೆ ಕಸ ಬೀಳದಿರಲಿ ಎಂದು ಬಟ್ಟೆ ತುರುಕುವುದು ಮೆಕ್ಯಾನಿಕ್ಕುಗಳ ಅಭ್ಯಾಸ. ಈನಿಡ್ ಗಾಜಿನ ಬಟ್ಟಲನ್ನು ಬೆಳಕಿಗೆ ಹಿಡಿದಳು. ನೀಲಿ ಎಳೆಗಳು ಕಂಡವು. ಪಾಚಿಗೆ ಅಂಥ ನೀಲಿ ಇರುವುದಿಲ್ಲವೆಂದು ಡೆಸ್ಮಂಡ್‌ಗೆ ಈಗ ಹೊಳೆಯಿತು.

"ಟ್ಯಾಂಕ್ ತೊಳೆದಿದ್ದು ವಾಸನೆಗಲ್ಲ," ಎಂದಳು ಈನಿಡ್. "ಸಾಕ್ಷಿಯಾಗಿರೋ ಟ್ಯಾಂಕನ್ನ ಯಾವ ಮೆಕ್ಯಾನಿಕ್ಕೂ ವಿಚಾರಣೆಗೆ ಮುಂಚೆ ತೊಳೆಯಲ್ಲ ಆರ್ಚಿ."

ಆರ್ಚಿ ಚಪ್ಪಡಿಯ ಅಂಚಿಗೆ ಕುಸಿದು ಕೂತ. ಮುಳ್ಳು ಕೂರಿಸುವಾಗ ಫೋನ್ ಬಂತು ಎಂದ. ತಿರುಗಿ ಬಂದು ಮುಚ್ಚಳ ಬಿಗಿದ. ಬಟ್ಟೆ ಒಳಕ್ಕೆ ಜಾರಿದ್ದು ಗೊತ್ತೇ ಆಗಲಿಲ್ಲ. ಭಾನುವಾರ ಟ್ಯಾಂಕು ತೆರೆದಾಗ ಅದು ಸತ್ತ ಮೀನಿನ ಹಾಗೆ ತಳದಲ್ಲಿ ಬಿದ್ದಿತ್ತು.

"ಒಲೆಗೆ ಹಾಕ್ದೆ," ಎಂದ. "ಆಮೇಲೆ ಬಾಟ್ಲಿ ತುಂಬಿಸ್ದೆ. ನನ್ನ ಕೈಯಿಂದ ಅವ್ನು ಹೋದ ಅಂತ ಹೇಳೋ ಶಕ್ತಿ ನಂಗಿರ್ಲಿಲ್ಲ ಕಾಲಿನ್."

"ಆರ್ಚಿ ಮಾಮ," ಎಂದ ಕಾಲಿನ್. ಚಿಕ್ಕಂದಿನಿಂದ ಹಾಗೆ ಕರೆದು ರೂಢಿ.

ಸೂಪರ್‌ಮಾರ್ಕೆಟ್ಟಿಗೆ ಹೋಗಿ ಒಂದು ಡಬ್ಬಿ ಪೆಟ್ರೋಲು ತಂದಿದ್ದರೆ ಈ ಸುಳ್ಳು ದಕ್ಕುತ್ತಿತ್ತಲ್ಲ, ಯಾಕೆ ತರಲಿಲ್ಲ ಎಂದು ಡೆಸ್ಮಂಡ್‌ಗೆ ಕೇಳದೆ ಇರಲಾಗಲಿಲ್ಲ. ಆರ್ಚಿ ಅವನನ್ನು ಅರ್ಥವಾಗದವನಂತೆ ನೋಡಿದ.

"ಅಲ್ಲಿಗೆ ನಾನು ಕಾಲೇ ಇಟ್ಟೋನಲ್ಲ. ಆ ಪಂಪು ಮುಟ್ಟೋಕೆ ಕೈ ಬರ್ಬೇಕಲ್ಲ."

ಬೆಳಿಗ್ಗೆ ಹುಬ್ಬಿನವರೆಗೆ ಎಳೆದುಕೊಂಡ ಟೋಪಿ ಡೆಸ್ಮಂಡ್‌ಗೆ ನೆನಪಾಯಿತು. ಅವನು ತಲೆ ತಗ್ಗಿಸಿದ. ನೆರೆಹೊರೆಯವಳ ಮೇಲೆ ಕೊಲೆ ಹೊರಿಸಲು ಹಿಂಜರಿಯದ ಮನುಷ್ಯ ಬೇರೆ ಪಂಪಿನ ಹಿಡಿ ಮುಟ್ಟಲು ಹಿಂಜರಿದಿದ್ದ.

ಆಗ ಮೊಯ್ರಾ ಬಾಯಿಬಿಟ್ಟಳು. ಇಷ್ಟು ದಿನ ಹೇಳಬಾರದೆಂದು ಇಟ್ಟುಕೊಂಡಿದ್ದೆ ಎಂದಳು. "ಆರ್ಚಿ ಹತ್ರ ತೋರಿಸ್ಬಾರ್ದಾ ಅಂದೆ ಅವತ್ತು. ಬೇಡ ಕಣೆ, ಮೊನ್ನೆ ತಾನೇ ರಿಪೇರಿ ಮಾಡಿದಾನೆ, ಸರಿಯಾಗಿಲ್ಲ ಅಂದ್ರೆ ನೊಂದ್ಕೋತಾನೆ, ನೀನೂ ಹೇಳ್ಬೇಡ ಅಂದ್ರು. ಎರಡು ಸಲ ಹಿಂಗೆ ನಿಂತಿದೆ, ಹತ್ತು ನಿಮಿಷ ಕೂತ್ರೆ ತಾನೇ ಹೊರಡತ್ತೆ ಅಂದ್ರು."

ಆ ಹದಿನೈದು ನಿಮಿಷ ವಿಲ್ಫ್ ಯಾಕೆ ಇಳಿಯದೆ ಕೂತಿದ್ದನೆಂದು ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಆರ್ಚಿ ಆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡ. ಅವನ ಬಾಯಿಂದ ಬಂದ ಸದ್ದನ್ನು ಡೆಸ್ಮಂಡ್ ಮತ್ತೆಂದೂ ಕೇಳಬಯಸಲಿಲ್ಲ.

"ಹಾಗಾದ್ರೆ ನನ್ನ ಪೆಟ್ರೋಲಲ್ಲ," ಎಂದಳು ಐಲ್ಸಾ.

"ಅಲ್ಲ ಮಗಳೇ," ಎಂದಳು ಈನಿಡ್. "ಸಮಾಧಾನಕ್ಕೆ ಹೇಳ್ತಿಲ್ಲ."

ಮರುದಿನ ವಿಚಾರಣೆಗೆ ಆರ್ಚಿಯನ್ನು ಕರೆದೊಯ್ದದ್ದು ಡೆಸ್ಮಂಡ್. ಈನಿಡ್ ಮುಂದೆ, ಆರ್ಚಿ ಹಿಂದೆ ಕೂತಿದ್ದರು. ಅವನ ಜೇಬಿನಲ್ಲಿ ರಾತ್ರಿಯೆಲ್ಲ ಕೂತು ಬರೆದ ಹೇಳಿಕೆ ಇತ್ತು. ಮಂಜು ಹಾಗೆಯೇ ಇತ್ತು. ಪಟ್ಟಣದ ರಸ್ತೆಯಲ್ಲಿ ಸೂಪರ್‌ಮಾರ್ಕೆಟ್ಟಿನ ಪಂಪುಗಳ ಮುಂದೆ ಹಾಯುವಾಗ ಕಾಲಿನ್‌ನ ಕಾರು ಅಲ್ಲಿ ನಿಂತದ್ದು ಕಂಡಿತು. ಕಾಲಿನ್ ಸ್ಟೀರಿಂಗ್ ಹಿಡಿದು ಕೂತಿದ್ದ. ಐಲ್ಸಾ ಹೊರಗೆ, ಪಂಪಿನ ಹಿಡಿಯ ಮೇಲೆ ಕೈಯಿಟ್ಟು ಅದನ್ನು ಎತ್ತಲಾರದೆ ನಿಂತಿದ್ದಳು. ಅಲ್ಲಿದ್ದ ಮೂರ್ನಾಲ್ಕು ಕಾರುಗಳವರು ಅವಳನ್ನೇ ನೋಡುತ್ತಿದ್ದರು. ಊರಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

"ನಿಲ್ಲಿಸಿ," ಎಂದ ಆರ್ಚಿ.

ಇಳಿದು ಪಂಪುಗಳ ನಡುವೆ ನಡೆದುಹೋದ. ಅವನು ಅಲ್ಲಿ ಕಾಲಿಟ್ಟದ್ದನ್ನು ಕಂಡು ಒಂದಿಬ್ಬರು ಕಾರಿನ ಗಾಜು ಇಳಿಸಿದರು. ಅವನು ಐಲ್ಸಾಳನ್ನು ಮುಟ್ಟುವಷ್ಟು ಹತ್ತಿರ ಹೋಗಲಿಲ್ಲ. ಎರಡು ಮಾರು ದೂರದಲ್ಲಿ ನಿಂತು, ಟೋಪಿ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಈ ಪೆಟ್ರೋಲಲ್ಲಿ ಏನೂ ಇರ್ಲಿಲ್ಲ. ವಿಲ್ಫ್ ಹೋಗಿದ್ದು ನಾನು ಟ್ಯಾಂಕಲ್ಲಿ ಮರೆತ ಬಟ್ಟೆಯಿಂದ. ಬಾಟ್ಲಿ ತೋರಿಸ್ದೆನಲ್ಲ, ಅದು ಸುಳ್ಳು. ನೀನು ತುಂಬಿಸ್ಕೊ ತಾಯಿ."

ಕಾಲಿನ್ ಕಾರಿನಿಂದ ಇಳಿದು ಸುತ್ತಿ ಬಂದ. ಹೆಂಡತಿಯ ಪಕ್ಕ ನಿಂತು, ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಐಲ್ಸಾ ಪಂಪಿನ ಹಿಡಿಯನ್ನು ಎತ್ತಿದಳು, ಟ್ಯಾಂಕು ಪೂರ್ತಿ ತುಂಬುವವರೆಗೂ ಅಲ್ಲಿಂದ ಕದಲಲಿಲ್ಲ.